ಸಂಯೋಜಿತ ಭಾವಚಿತ್ರಗಳು: ಕಲೆ ಮತ್ತು ಸಾಕ್ಷ್ಯ (ಹಳೇ ಹುಬ್ಬಳ್ಳಿಯನ್ನು ಅನುಲಕ್ಷಿಸಿ)

ಪ್ರವೇಶ

ಛಾಯಾಚಿತ್ರವೆಂದರೆ ಒಂದು ಗೊತ್ತಾದ ಸ್ಥಳದಲ್ಲಿ, ಒಂದು ಗೊತ್ತಾದ ಕ್ಷಣದಲ್ಲಿ ಕ್ಯಾಮೆರಾದ ಎದುರಿಗೆ ಇದ್ದುದರ ದಾಖಲೆ ಎಂಬ ನಂಬಿಕೆ ಸಾರ್ವತ್ರಿಕವಾದುದು. ನ್ಯಾಯಾಲಯ, ಪತ್ರಿಕೆ, ಇತಿಹಾಸ ಈ ಮೂರೂ ಛಾಯಾಚಿತ್ರಕ್ಕೆ ಕೊಟ್ಟಿರುವ ಬೆಲೆ ಈ ನಂಬಿಕೆಯನ್ನೇ ಆಧರಿಸಿದೆ. ಆದರೆ ಕರ್ನಾಟಕದ ಮನೆಗಳ ಗೋಡೆಯ ಮೇಲಿರುವ ಭಾವಚಿತ್ರಗಳಲ್ಲಿ ಈ ನಂಬಿಕೆಗೆ ಒಗ್ಗದ ಒಂದು ದೊಡ್ಡ ವರ್ಗವೇ ಇದೆ. ಬದುಕಿದ್ದಾಗ ಒಮ್ಮೆಯೂ ಜೊತೆಯಾಗಿ ಫೋಟೊ ತೆಗೆಸಿಕೊಳ್ಳದ ದಂಪತಿಗಳು ಒಂದೇ ಕಟ್ಟಿನೊಳಗೆ ಅಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ತಾನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜನ ಮಗ್ಗುಲಲ್ಲಿ ಮೊಮ್ಮಗ ನಿಂತಿರುತ್ತಾನೆ. ಸ್ಟುಡಿಯೋದ ದೀಪದ ಬೆಳಕಿನಲ್ಲಿ ತೆಗೆದ ಮುಖದ ಹಿಂದೆ ಮಠದ ಅಂಗಳವೋ ಕೆರೆಯ ದಂಡೆಯೋ ಕಾಣಿಸಿಕೊಳ್ಳುತ್ತದೆ.

ಇಂತಹ ಚಿತ್ರಗಳನ್ನು ‘ಸಂಯೋಜಿತ ಭಾವಚಿತ್ರ’ ಎಂದು ಕರೆಯಬಹುದು. ಇವುಗಳನ್ನು ಕಲಾವಿಮರ್ಶೆಯು ಕೇವಲ ಕೈಚಳಕವೆಂದು ಬದಿಗಿರಿಸಿದೆ. ಇತಿಹಾಸ ಸಂಶೋಧನೆಯು ಕೃತಕವೆಂದು ಶಂಕಿಸಿದೆ. ಈ ಎರಡೂ ನಿಲುವುಗಳು ಅಪೂರ್ಣವಾದವು. ಸಂಯೋಜಿತ ಭಾವಚಿತ್ರವು ಕಾಲ ಮತ್ತು ಸ್ಥಳಗಳ ಬಗ್ಗೆ ಹೇಳುವುದು ನಿಜವಲ್ಲದಿದ್ದರೂ, ಸಂಬಂಧಗಳ ಬಗ್ಗೆ ಅದು ಕೊಡುವ ಸಾಕ್ಷ್ಯ ಅಮೂಲ್ಯವಾದುದು. ಆ ಸಾಕ್ಷ್ಯವನ್ನು ಓದಬೇಕಾದರೆ ಚಿತ್ರದ ಬಿಡಿಭಾಗಗಳು ಎಲ್ಲಿಂದ ಬಂದವು, ಅವುಗಳನ್ನು ಹೇಗೆ ಕೂಡಿಸಲಾಯಿತು ಎಂಬುದು ತಿಳಿದಿರಬೇಕು. ಈ ದೃಷ್ಟಿಯಿಂದ ಸಂಯೋಜಿತ ಭಾವಚಿತ್ರದ ಇತಿಹಾಸ, ತಯಾರಿಕೆಯ ಕ್ರಮ ಮತ್ತು ಅರ್ಥಗಳನ್ನು ಹಳೇ ಹುಬ್ಬಳ್ಳಿಯ ನೆಲೆಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪರಿಕಲ್ಪನೆ

ಸಂಯೋಜಿತ ಭಾವಚಿತ್ರ ಎಂಬ ಮಾತು ಎರಡು ಬೇರೆ ಬೇರೆ ಅರ್ಥಗಳಲ್ಲಿ ಬಳಕೆಯಲ್ಲಿದೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ೧೮೭೦ರ ದಶಕದ ಕೊನೆಯಲ್ಲಿ ಅನೇಕ ಜನರ ಮುಖಗಳನ್ನು ಒಂದರ ಮೇಲೊಂದರಂತೆ ಒಂದೇ ಗಾಜಿನ ಫಲಕದ ಮೇಲೆ ಮೂಡಿಸಿ, ಅಪರಾಧಿಗಳೇ ಮೊದಲಾದ ವರ್ಗಗಳ ‘ಮಾದರಿ ಮುಖ’ವನ್ನು ಕಂಡುಹಿಡಿಯಲು ಯತ್ನಿಸಿದನು. ಅಲ್ಲಿ ಹಲವು ಮುಖಗಳು ಸೇರಿ ಯಾರದೂ ಅಲ್ಲದ ಒಂದು ಮುಖವಾಗುತ್ತದೆ. ಇಲ್ಲಿ ಚರ್ಚಿಸುತ್ತಿರುವುದು ಅದಕ್ಕೆ ತೀರ ವಿರುದ್ಧವಾದ ಪದ್ಧತಿ. ಇದರಲ್ಲಿ ಪ್ರತಿಯೊಂದು ಮುಖವೂ ತನ್ನತನವನ್ನು ಉಳಿಸಿಕೊಳ್ಳುತ್ತದೆ; ಬೇರೆ ಬೇರೆ ಕಡೆ, ಬೇರೆ ಬೇರೆ ಕಾಲದಲ್ಲಿ ತೆಗೆದ ಚಿತ್ರಗಳು ಒಂದೇ ನೆಲದ ಮೇಲೆ ಕೂಡುತ್ತವೆ.

ಈ ಕೂಡಿಕೆಯಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು. ವ್ಯಕ್ತಿಯನ್ನು ವ್ಯಕ್ತಿಯೊಡನೆ ಕೂಡಿಸುವುದು ಮೊದಲನೆಯದು. ದಂಪತಿಗಳ ಜೋಡಿಪಟ ಇದಕ್ಕೆ ಉದಾಹರಣೆ. ವ್ಯಕ್ತಿಯನ್ನು ಸ್ಥಳದೊಡನೆ ಕೂಡಿಸುವುದು ಎರಡನೆಯದು. ಸ್ಟುಡಿಯೋದಲ್ಲಿ ತೆಗೆದ ವಧೂವರರ ಚಿತ್ರವನ್ನು ಹೊರಾಂಗಣದ ದೃಶ್ಯದ ಮುಂದೆ ನಿಲ್ಲಿಸುವುದು ಇದರಲ್ಲಿ ಸೇರುತ್ತದೆ. ವ್ಯಕ್ತಿಯನ್ನು ಆರಾಧ್ಯರೊಡನೆ ಕೂಡಿಸುವುದು ಮೂರನೆಯದು. ಗುರುವಿನ ಪಾದದ ಬಳಿ ಭಕ್ತನನ್ನು ಕೂರಿಸುವ ಚಿತ್ರಗಳು ಈ ಬಗೆಗೆ ಸೇರಿದವು.

ಚಾರಿತ್ರಿಕ ಹಿನ್ನೆಲೆ

ಚಿತ್ರಗಳನ್ನು ಕೂಡಿಸುವ ಪದ್ಧತಿಯು ಗಣಕಯಂತ್ರದ ಕೊಡುಗೆಯೆಂಬ ತಿಳಿವಳಿಕೆ ಸರಿಯಲ್ಲ. ಅದು ಛಾಯಾಗ್ರಹಣದಷ್ಟೇ ಹಳೆಯದೆನ್ನಬಹುದು. ೧೮೫೧ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ರಾಸಾಯನಿಕವನ್ನು ಲೇಪಿಸಿ, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು, ಕೂಡಲೇ ಸಂಸ್ಕರಿಸಬೇಕಾಗಿತ್ತು. ಆ ಫಲಕವು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ, ನೆಲ ಸರಿಯಾಗಿ ಮೂಡಿದರೆ ಆಕಾಶ ಬರೀ ಬಿಳಿಯಾಗುತ್ತಿತ್ತು. ಆದ್ದರಿಂದ ಆಕಾಶಕ್ಕೊಂದು, ನೆಲಕ್ಕೊಂದು ನೆಗೆಟಿವ್ ತೆಗೆದು ಒಂದೇ ಕಾಗದದ ಮೇಲೆ ಮುದ್ರಿಸುವುದು ರೂಢಿಗೆ ಬಂದಿತು. ೧೮೫೭ರಲ್ಲಿ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಕೂಡಿಸಿ ‘ಬದುಕಿನ ಎರಡು ದಾರಿಗಳು’ ಎಂಬ ಅರ್ಥದ ದೊಡ್ಡ ಚಿತ್ರವನ್ನು ರಚಿಸಿದನು. ೧೮೫೮ರಲ್ಲಿ ಹೆನ್ರಿ ಪೀಚ್ ರಾಬಿನ್‌ಸನ್ ಐದು ನೆಗೆಟಿವ್‌ಗಳಿಂದ, ಸಾಯುತ್ತಿರುವ ತರುಣಿ ಮತ್ತು ಆಕೆಯ ಮನೆಯವರ ಚಿತ್ರವನ್ನು ರೂಪಿಸಿದನು. ಮರಣದಂತಹ ಗಂಭೀರ ಸಂಗತಿಯನ್ನು ಹೀಗೆ ‘ಕಟ್ಟಬಹುದೇ’ ಎಂಬ ಆಕ್ಷೇಪ ಆಗಲೇ ಎದ್ದಿತು. ಅದೇ ಪ್ರಶ್ನೆ ಬೇರೆ ಬೇರೆ ರೂಪಗಳಲ್ಲಿ ಮುಂದುವರಿದಿದೆ.

ಭಾರತದಲ್ಲಿ ಸ್ಟುಡಿಯೋ ಚಿತ್ರ ಮತ್ತು ಸ್ಥಳಚಿತ್ರಗಳ ಕೂಡಿಕೆಯ ಬಹು ಮುಖ್ಯ ನಿದರ್ಶನ ಮುಂಬಯಿಯಲ್ಲಿ ದೊರೆಯುತ್ತದೆ. ಧಾರವಾಡ ಜಿಲ್ಲೆಯು ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಈ ನಿದರ್ಶನಕ್ಕೆ ಇಲ್ಲಿ ವಿಶೇಷ ಮಹತ್ವವಿದೆ. ಮುಂಬಯಿಯಲ್ಲಿ ೧೮೫೪ರಲ್ಲಿಯೇ ಛಾಯಾಗ್ರಾಹಕರ ಸಂಘ ಸ್ಥಾಪಿತವಾಯಿತು. ಅದರ ಸದಸ್ಯರಲ್ಲೊಬ್ಬನಾದ ವಿಲಿಯಂ ಜಾನ್ಸನ್, ಹೆಂಡರ್‌ಸನ್ ಎಂಬಾತನೊಡನೆ ಸೇರಿ ೧೮೫೬ರಿಂದ ೧೮೫೮ರವರೆಗೆ ಛಾಯಾಚಿತ್ರಗಳ ಒಂದು ನಿಯತಕಾಲಿಕೆಯನ್ನು ಹೊರತಂದನು. ಮುಂದೆ ೧೮೬೩ ಮತ್ತು ೧೮೬೬ರಲ್ಲಿ ಮುಂಬಯಿಯ ಜನಾಂಗಗಳನ್ನು ಕುರಿತ ಎರಡು ಸಂಪುಟಗಳನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಈ ಸಂಪುಟಗಳಲ್ಲಿನ ಅನೇಕ ಚಿತ್ರಗಳಲ್ಲಿ ವ್ಯಕ್ತಿಗಳು ಕ್ಯಾಮೆರಾದ ಮುಂದೆ ನಿಂತದ್ದು ಒಂದೆಡೆ, ಅವರ ಹಿಂದೆ ಕಾಣುವ ಕಟ್ಟಡ, ಬೀದಿ, ಮರಗಳನ್ನು ತೆಗೆದದ್ದು ಮತ್ತೊಂದೆಡೆ. ಎರಡನ್ನೂ ಮುದ್ರಣದಲ್ಲಿ ಕೂಡಿಸಲಾಗಿದೆ. ಆಯಾ ಜನ ತಮ್ಮ ಸಹಜ ಪರಿಸರದಲ್ಲಿಯೇ ಕಂಡುಬಂದರು ಎಂಬ ಭಾವನೆಯನ್ನು ಹುಟ್ಟಿಸುವುದು ಈ ಕೂಡಿಕೆಯ ಫಲ.

ಇದೇ ಕಾಲಘಟ್ಟದಲ್ಲಿ ಕನ್ನಡ ನಾಡಿನ ಸ್ಥಳಚಿತ್ರಣವೂ ನಡೆದಿತ್ತು. ಕರ್ನಲ್ ಬಿಗ್ಸ್, ಡಾ. ಪಿಗೌ ಮತ್ತು ನೀಲ್ ಇವರು ೧೮೫೦ರ ದಶಕದಲ್ಲಿ ತೆಗೆದ ಚಿತ್ರಗಳು ಮೆಡೋಸ್ ಟೇಲರ್ ಹಾಗೂ ಜೇಮ್ಸ್ ಫರ್ಗ್ಯುಸನ್‌ರ ಬರಹಗಳೊಡನೆ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ಗ್ರಂಥವಾಗಿ ೧೮೬೬ರಲ್ಲಿ ಪ್ರಕಟವಾದವು. ಈ ಚಿತ್ರಗಳಲ್ಲಿ ಗುಡಿಗಳೇ ಪ್ರಧಾನ. ಅಲ್ಲಲ್ಲಿ ನಿಂತ ಮನುಷ್ಯರು ಕಂಬದ ಎತ್ತರವನ್ನು ತಿಳಿಸುವ ಅಳತೆಗೋಲಿನಂತೆ ಬರುತ್ತಾರೆ. ಹೀಗೆ ಒಂದು ಕಡೆ ಮುಖವಿಲ್ಲದ ಸ್ಥಳ, ಇನ್ನೊಂದು ಕಡೆ ಸ್ಥಳವಿಲ್ಲದ ಮುಖ ಎಂಬಂತೆ ಆರಂಭಕಾಲದ ಛಾಯಾಗ್ರಹಣವು ಕವಲೊಡೆದಿತ್ತು. ಎರಡನ್ನೂ ಒಂದುಗೂಡಿಸಬೇಕೆಂಬ ಹಂಬಲ ಜಾನ್ಸನ್ನನಲ್ಲಿ ಆಡಳಿತದ ಕುತೂಹಲವಾಗಿ ಕಾಣಿಸಿಕೊಂಡಿತು. ಮುಂದೆ ಅದೇ ಹಂಬಲ ಊರೂರುಗಳ ಸ್ಟುಡಿಯೋಗಳಲ್ಲಿ ಕುಟುಂಬದ ಅಗತ್ಯವಾಗಿ ಕಾಣಿಸಿಕೊಂಡಿತು.

ಹಳೇ ಹುಬ್ಬಳ್ಳಿಯ ನೆಲೆ

ರಾಯರ ಹುಬ್ಬಳ್ಳಿಯೆಂದೂ ಹೆಸರಾದ ಹಳೇ ಹುಬ್ಬಳ್ಳಿಯು ಚಾಲುಕ್ಯ ಶೈಲಿಯ ಭವಾನಿಶಂಕರ ದೇವಾಲಯದಂತಹ ಪ್ರಾಚೀನ ಕುರುಹುಗಳನ್ನು ಒಳಗೊಂಡ ನೆಲೆ. ಹದಿನೆಂಟನೆಯ ಶತಮಾನದಲ್ಲಿ ಇದರ ಪಕ್ಕದಲ್ಲಿಯೇ ಹೊಸ ಹುಬ್ಬಳ್ಳಿಯ ಪೇಟೆ ಬೆಳೆಯಿತು. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮಾರ್ಗ ಮತ್ತು ಕಾರ್ಯಾಗಾರಗಳು ಬಂದ ಮೇಲೆ ಹತ್ತಿ ವ್ಯಾಪಾರ, ನೇಕಾರಿಕೆ, ರೈಲ್ವೆ ನೌಕರಿ ಇವುಗಳಿಂದ ಈ ಅವಳಿ ಊರು ಉತ್ತರ ಕರ್ನಾಟಕದ ದೊಡ್ಡ ಪೇಟೆಯಾಯಿತು. ಇಂತಹ ಪೇಟೆಗಳಲ್ಲಿಯೇ ಸ್ಟುಡಿಯೋಗಳು ನೆಲೆಗೊಂಡವು. ಮದುವೆಯ ಜವಳಿ ತೆಗೆಯಲು, ಸಂತೆಗೆ, ಜಾತ್ರೆಗೆ, ದವಾಖಾನೆಗೆ ಹಳ್ಳಿಗಳಿಂದ ಬಂದವರು ಫೋಟೊ ತೆಗೆಸಿಕೊಂಡು ಹೋಗುವುದು ರೂಢಿಯಾಯಿತು.

ಈ ಪ್ರದೇಶದಲ್ಲಿ ಛಾಯಾಗ್ರಾಹಕನಿಗೆ ನೆರವಾದವರು ಇಬ್ಬರು: ಪರದೆ ಬರೆಯುವವರು ಮತ್ತು ಭಾವಚಿತ್ರ ಬರೆಯುವವರು. ವೃತ್ತಿ ನಾಟಕ ಕಂಪನಿಗಳಿಗೆ ಅರಮನೆ, ಉದ್ಯಾನ, ಬೀದಿಗಳ ಪರದೆಗಳು ಬೇಕಾಗಿದ್ದವು. ಅದೇ ಬಗೆಯ ಕಂಬ, ಮೆಟ್ಟಿಲು, ಹೂಕುಂಡಗಳ ಪರದೆಗಳು ಸ್ಟುಡಿಯೋಗಳಲ್ಲಿಯೂ ಕಾಣಿಸುತ್ತವೆ. ಇನ್ನು ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ, ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಿಗಿ ಇವರು ಕಟ್ಟಿ ಬೆಳೆಸಿದ ಕಲಾಶಾಲೆಗಳು ಈ ಭಾಗದಲ್ಲಿ ಚಿತ್ರಕಾರರ ಒಂದು ದೊಡ್ಡ ಬಳಗವನ್ನೇ ಸಿದ್ಧಗೊಳಿಸಿದವು. ಫೋಟೊ ನೋಡಿ ತೈಲವರ್ಣದಲ್ಲಿ ಭಾವಚಿತ್ರ ಬರೆಯುವುದು, ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ತುಂಬುವುದು ಇಂತಹ ತರಬೇತಿ ಪಡೆದವರಿಗೆ ಜೀವನೋಪಾಯವಾಗಬಲ್ಲ ಕೆಲಸಗಳಾಗಿದ್ದವು. ಸಂಯೋಜಿತ ಭಾವಚಿತ್ರವು ಕ್ಯಾಮೆರಾ ಮತ್ತು ಕುಂಚ ಎರಡರ ಆಸರೆಯನ್ನೂ ಬೇಡುವ ಕಲೆಯಾದ್ದರಿಂದ ಈ ಹಿನ್ನೆಲೆ ಗಮನಾರ್ಹವಾದುದು.

ಜೋಡಿಪಟ

ದಂಪತಿಗಳ ಜೋಡಿಪಟವು ಸಂಯೋಜಿತ ಭಾವಚಿತ್ರಗಳಲ್ಲಿ ಹೆಚ್ಚು ಪ್ರಚಲಿತವಾದ ರೂಪ. ಹಿಂದಿನ ತಲೆಮಾರಿನ ಅನೇಕರಿಗೆ ಜೀವಮಾನದಲ್ಲಿ ಇದ್ದದ್ದೇ ಒಂದೋ ಎರಡೋ ಚಿತ್ರ. ಗಂಡನದು ನೌಕರಿಗಾಗಿ ತೆಗೆಸಿದ ಚಿಕ್ಕ ಫೋಟೊ, ಹೆಂಡತಿಯದು ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ಕಂಡ ಮುಖ. ೧೯೯೩ರಿಂದ ಮತದಾರರ ಗುರುತಿನ ಚೀಟಿ ಜಾರಿಗೆ ಬಂದ ಮೇಲೆ ಎಷ್ಟೋ ವೃದ್ಧರಿಗೆ ಅದರ ಮೇಲಿನ ಉಗುರಗಲದ ಚಿತ್ರವೇ ಕೊನೆಯ ಚಿತ್ರವಾಯಿತು. ಒಬ್ಬರು ತೀರಿಕೊಂಡಾಗ ಪೂಜೆಗಿಡಲು ಒಂದು ಪಟ ಬೇಕು. ಇಬ್ಬರೂ ಇಲ್ಲವಾದ ಮೇಲೆ ಇಬ್ಬರೂ ಕೂಡಿರುವ ಪಟ ಬೇಕು ಎಂಬ ಬಯಕೆ ಮಕ್ಕಳಲ್ಲಿ ಮೂಡುತ್ತದೆ. ಸ್ಟುಡಿಯೋ ಆ ಬಯಕೆಯನ್ನು ಈಡೇರಿಸುತ್ತದೆ.

ಇಲ್ಲಿ ಎದುರಾಗುವ ತೊಡಕುಗಳು ಕೇವಲ ತಾಂತ್ರಿಕವಲ್ಲ. ಮೂವತ್ತನೆಯ ವಯಸ್ಸಿನಲ್ಲಿ ತೀರಿಕೊಂಡ ಗಂಡನ ಚಿತ್ರವನ್ನು ಎಪ್ಪತ್ತು ದಾಟಿದ ಹೆಂಡತಿಯ ಚಿತ್ರದೊಡನೆ ಇಟ್ಟರೆ ತಾಯಿ ಮಗನಂತೆ ಕಾಣುತ್ತಾರೆ. ಆಗ ಗಂಡನ ಕಿವಿಯ ಬಳಿ ನರೆಗೂದಲು ಬರೆಯಬೇಕೋ, ಹೆಂಡತಿಯ ಮುಖದ ಸುಕ್ಕುಗಳನ್ನು ಅಳಿಸಬೇಕೋ ಎಂಬುದನ್ನು ಮನೆಯವರೊಡನೆ ಕೂತು ನಿರ್ಧರಿಸಬೇಕಾಗುತ್ತದೆ. ವೈಧವ್ಯದ ನಂತರ ತೆಗೆದ ಚಿತ್ರವೊಂದೇ ಉಳಿದಿದ್ದರೆ ಹಣೆಗೆ ಕುಂಕುಮ, ಕೊರಳಿಗೆ ತಾಳಿ, ಕೈಗೆ ಹಸಿರು ಬಳೆಗಳನ್ನು ಕುಂಚದಿಂದ ಮರಳಿ ಕೊಡಲಾಗುತ್ತದೆ. ಬರಿದಲೆಯ ಗಂಡನಿಗೆ ರುಮಾಲು ಬರುತ್ತದೆ, ಮಾಸಿದ ಸೀರೆಗೆ ಇಳಕಲ್ಲಿನ ಅಂಚು ಬರುತ್ತದೆ. ಹೆಂಡತಿ ಗಂಡನ ಎಡಗಡೆಗೆ ಇರಬೇಕೆಂಬ ವಾಡಿಕೆಯನ್ನು ಪಾಲಿಸುವ ಸಲುವಾಗಿ ಮುಖದ ಓರೆಯನ್ನು ಬದಲಿಸಲು ನೆಗೆಟಿವ್ ಅನ್ನು ತಿರುವಿ ಮುದ್ರಿಸುವುದೂ ಉಂಟು. ಒಟ್ಟಾರೆ, ಜೋಡಿಪಟವು ಇದ್ದುದನ್ನು ತೋರಿಸುವ ಬದಲು ಇರಬೇಕಾಗಿದ್ದುದನ್ನು ತೋರಿಸುತ್ತದೆ. ನೋಡುವ ಮನೆಯವರಿಗೆ ಈ ಸಂಗತಿ ಚೆನ್ನಾಗಿ ತಿಳಿದಿರುತ್ತದೆ ಎಂಬುದು ಇಲ್ಲಿ ಬಹಳ ಮುಖ್ಯ.

ಮಧ್ಯಪ್ರದೇಶದ ನಾಗ್ದಾ ಪಟ್ಟಣದ ಸ್ಟುಡಿಯೋಗಳನ್ನು ಅಭ್ಯಸಿಸಿದ ಕ್ರಿಸ್ಟೋಫರ್ ಪಿನ್ನಿ ತನ್ನ ‘ಕ್ಯಾಮೆರಾ ಇಂಡಿಕಾ’ (೧೯೯೭) ಗ್ರಂಥದಲ್ಲಿ ಇಂತಹ ಕೂಡಿಕೆಯ ಚಿತ್ರಗಳನ್ನು ವಿವರವಾಗಿ ಚರ್ಚಿಸಿದ್ದಾನೆ. ಇದರಿಂದ ಈ ಪದ್ಧತಿಯು ಒಂದೇ ಪ್ರದೇಶಕ್ಕೆ ಸೀಮಿತವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಗುರುಪಟ

ಹಳೇ ಹುಬ್ಬಳ್ಳಿಯ ಮಟ್ಟಿಗೆ ಮೂರನೆಯ ಬಗೆಯ ಕೂಡಿಕೆಗೆ ಕೇಂದ್ರವಾಗಿರುವುದು ಶ್ರೀ ಸಿದ್ಧಾರೂಢ ಮಠ. ಸಿದ್ಧಾರೂಢರು (೧೮೩೬–೧೯೨೯) ಛಾಯಾಗ್ರಹಣವು ಪೇಟೆಗಳಿಗೆ ಹರಡಿದ ಕಾಲದಲ್ಲಿ ಬಾಳಿದವರು. ಅವರ ಛಾಯಾಚಿತ್ರಗಳು ಉಳಿದುಬಂದಿವೆ. ಆ ಚಿತ್ರಗಳ ಮುಖಮುದ್ರೆಯೇ ಬಣ್ಣದ ಪಟ, ಕ್ಯಾಲೆಂಡರ್, ಲಾಕೆಟ್ಟುಗಳವರೆಗೆ ನಾನಾ ರೂಪಗಳಲ್ಲಿ ಮರುಹುಟ್ಟು ಪಡೆದಿದೆ. ಅವರೊಡನೆ ಶಿಷ್ಯರಾದ ಗುರುನಾಥಾರೂಢರನ್ನು ಒಂದೇ ಪಟದಲ್ಲಿ ತೋರಿಸುವುದು ರೂಢಿ. ಶಿಶುನಾಳ ಶರೀಫ (೧೮೧೯–೧೮೮೯), ನವಲಗುಂದದ ನಾಗಲಿಂಗ ಯತಿಗಳೇ ಮೊದಲಾದ ಸಮಕಾಲೀನ ಅವಧೂತರನ್ನು ಕೂಡಿಸಿದ ಪಟಗಳೂ ಉತ್ತರ ಕರ್ನಾಟಕದ ಮನೆಗಳಲ್ಲಿವೆ. ಇಂತಹ ಪಟದಲ್ಲಿ ಒಂದು ಮುಖ ಛಾಯಾಚಿತ್ರದಿಂದ ಬಂದಿರಬಹುದು, ಇನ್ನೊಂದು ಚಿತ್ರಕಾರನ ಭಾವನೆಯಿಂದ ಬಂದಿರಬಹುದು. ಅದನ್ನು ಒಂದು ಭೇಟಿಯ ದಾಖಲೆಯೆಂದು ಓದುವುದು ತಪ್ಪಾಗುತ್ತದೆ. ಈ ಮಹನೀಯರನ್ನು ಒಂದೇ ಪರಂಪರೆಯೆಂದು ಜನ ಭಾವಿಸಿದ್ದಾರೆ ಎಂಬುದಕ್ಕೆ ಮಾತ್ರ ಅದು ನಿಸ್ಸಂದೇಹವಾದ ಸಾಕ್ಷಿ. ಜಾತಿ ಮತಗಳ ಗಡಿಯನ್ನು ದಾಟಿದ ಒಂದು ಆಧ್ಯಾತ್ಮಿಕ ಬಳಗದ ಕಲ್ಪನೆಯನ್ನು ಈ ಭಾಗದ ಜನರು ಪುಸ್ತಕದಲ್ಲಿ ಓದುವ ಮೊದಲೇ ಗೋಡೆಯ ಮೇಲೆ ಕಂಡಿದ್ದರು.

ಭಕ್ತನನ್ನು ಆರಾಧ್ಯರ ಸನ್ನಿಧಿಗೆ ತರುವ ಪದ್ಧತಿಗೆ ರಾಜಸ್ಥಾನದ ನಾಥದ್ವಾರದಲ್ಲಿ ಒಂದು ಪ್ರಸಿದ್ಧ ಮಾದರಿಯಿದೆ. ಅಲ್ಲಿನ ‘ಮನೋರಥ’ ಚಿತ್ರಗಳಲ್ಲಿ ಯಾತ್ರಿಕರ ಮುಖದ ಫೋಟೊವನ್ನು ಕತ್ತರಿಸಿ, ಬಣ್ಣದಲ್ಲಿ ಬರೆದ ಶರೀರಕ್ಕೆ ಅಂಟಿಸಿ, ಶ್ರೀನಾಥಜಿಯ ಎದುರು ಕೈಮುಗಿದು ನಿಂತಂತೆ ಸಂಯೋಜಿಸಲಾಗುತ್ತಿತ್ತು. ಮುಖ ಕ್ಯಾಮೆರಾದ್ದು, ದೇಹ ಮತ್ತು ಗರ್ಭಗುಡಿ ಕುಂಚದ್ದು. ಯಾತ್ರೆಯ ಫಲವನ್ನು ಮನೆಗೆ ಒಯ್ಯುವ ಈ ಬಯಕೆಯೇ ಶಿವರಾತ್ರಿಯ ರಥೋತ್ಸವಕ್ಕೆ ಸಿದ್ಧಾರೂಢ ಮಠಕ್ಕೆ ಬರುವ ಭಕ್ತರಲ್ಲಿಯೂ, ನಾಡಿನ ಇತರ ಯಾತ್ರಾಸ್ಥಳಗಳಿಗೆ ಹೋಗುವವರಲ್ಲಿಯೂ ಕಂಡುಬರುತ್ತದೆ.

ಕತ್ತಲೆ ಕೋಣೆಯ ಕ್ರಮ

ಗಣಕಯಂತ್ರ ಬರುವ ಮೊದಲು ಕೂಡಿಕೆಯ ಕೆಲಸ ಮುಖ್ಯವಾಗಿ ಮೂರು ರೀತಿಗಳಲ್ಲಿ ನಡೆಯುತ್ತಿತ್ತು. ಮೊದಲನೆಯದು ಕತ್ತರಿಸಿ ಅಂಟಿಸುವ ಕ್ರಮ. ಎರಡೂ ಮೂಲಚಿತ್ರಗಳನ್ನು ಕ್ಯಾಮೆರಾದಿಂದ ನಕಲು ತೆಗೆದು, ಎರಡರಲ್ಲಿಯೂ ಮುಖದ ಅಳತೆ ಹೊಂದುವಂತೆ ಎನ್‌ಲಾರ್ಜರ್‌ನಲ್ಲಿ ಹಿಗ್ಗಿಸಿ ಬ್ರೋಮೈಡ್ ಕಾಗದದ ಮೇಲೆ ಮುದ್ರಿಸುತ್ತಿದ್ದರು. ಬಳಿಕ ಹರಿತವಾದ ಬ್ಲೇಡಿನಿಂದ ಆಕೃತಿಯ ಅಂಚನ್ನು ಕೊರೆದು, ಕಾಗದದ ಹಿಂಬದಿಯನ್ನು ಉಜ್ಜುಕಾಗದದಿಂದ ಸವೆಸಿ ಅಂಚನ್ನು ತೆಳ್ಳಗಾಗಿಸುತ್ತಿದ್ದರು. ಅಂಚು ದಪ್ಪವಾಗಿದ್ದರೆ ನಕಲು ತೆಗೆಯುವಾಗ ಅದರ ನೆರಳು ಬಿದ್ದು ಕೂಡಿಕೆ ಬಯಲಾಗುತ್ತದೆ. ಆಕೃತಿಗಳನ್ನು ಹೊಸ ಹಿನ್ನೆಲೆಯ ಮೇಲೆ ಅಂಟಿಸಿ, ಸೇರುವ ಗೆರೆಯನ್ನು ಸಣ್ಣ ಕುಂಚದಿಂದ ಮುಚ್ಚಿ, ಇಡೀ ಫಲಕವನ್ನು ಮತ್ತೆ ಫೋಟೊ ತೆಗೆದರೆ ಹೊಸ ನೆಗೆಟಿವ್ ಸಿದ್ಧವಾಗುತ್ತಿತ್ತು.

ಎರಡನೆಯದು ಮರೆಮಾಡಿ ಮುದ್ರಿಸುವ ಕ್ರಮ. ಇದರಲ್ಲಿ ಬ್ರೋಮೈಡ್ ಕಾಗದದ ಅರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿ ಒಂದು ನೆಗೆಟಿವ್‌ನ ಬೆಳಕು ಹಾಯಿಸುವುದು, ಅನಂತರ ಬೆಳಕು ಬಿದ್ದ ಭಾಗವನ್ನು ಮುಚ್ಚಿ ಇನ್ನೊಂದು ನೆಗೆಟಿವ್‌ನ ಬೆಳಕು ಹಾಯಿಸುವುದು. ಮುಚ್ಚುವ ಕಾಗದವನ್ನು ಬೆಳಕು ಬೀಳುತ್ತಿರುವಾಗ ಸ್ವಲ್ಪವೇ ಅಲುಗಿಸುತ್ತಿದ್ದರೆ ಗಡಿಯು ಮೆತ್ತಗಾಗಿ ಒಂದರೊಳಗೊಂದು ಕರಗುತ್ತದೆ. ಮೂರನೆಯದು ನೆಗೆಟಿವ್‌ನ ಮೇಲೆಯೇ ಕೆಲಸ ಮಾಡುವ ಕ್ರಮ. ಬೇಡವಾದ ಹಿನ್ನೆಲೆಗೆ ಬೆಳಕು ಹಾಯದ ಬಣ್ಣ ಬಳಿದರೆ ಮುದ್ರಣದಲ್ಲಿ ಆ ಭಾಗ ಬಿಳಿಯಾಗಿ ಬರುತ್ತದೆ. ಅಲ್ಲಿ ಬೇಕಾದ ದೃಶ್ಯವನ್ನು ಕೈಯಿಂದ ತುಂಬಬಹುದು. ಹಳೆಯ ಜೋಡಿಪಟಗಳು ಹೆಚ್ಚಾಗಿ ಎದೆಮಟ್ಟದವರೆಗೆ ಮಾತ್ರ ಇದ್ದು, ಕೆಳಭಾಗ ಬಿಳಿಮೋಡದಲ್ಲಿ ಕರಗಿದಂತಿರುವುದಕ್ಕೆ ಸೌಂದರ್ಯದ ಜೊತೆಗೆ ಒಂದು ಪ್ರಾಯೋಗಿಕ ಕಾರಣವೂ ಇದೆ. ಪಾದ ತೋರಿಸಿದರೆ ನೆಲ ತೋರಿಸಬೇಕು, ನೆಲ ತೋರಿಸಿದರೆ ನೆರಳು ತೋರಿಸಬೇಕು. ಈ ತೊಡಕನ್ನು ಎದೆಮಟ್ಟದ ಚಿತ್ರ ಸುಲಭವಾಗಿ ದಾಟುತ್ತದೆ.

ಬೆಳಕು, ದಿಗಂತ, ಅಂತರ

ಅಡೋಬಿ ಸಂಸ್ಥೆಯ ಫೋಟೋಶಾಪ್ ೧೯೯೦ರಲ್ಲಿ ಬಿಡುಗಡೆಯಾಯಿತು. ೧೯೯೪ರ ಮೂರನೆಯ ಆವೃತ್ತಿಯಲ್ಲಿ ಪದರಗಳ ಸೌಲಭ್ಯ ಬಂದುದರಿಂದ ಪ್ರತಿಯೊಂದು ಬಿಡಿಭಾಗವನ್ನೂ ಬೇರೆ ಬೇರೆಯಾಗಿಟ್ಟು ತಿದ್ದುವುದು ಸಾಧ್ಯವಾಯಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕದ ಚಿಕ್ಕ ಊರುಗಳ ಸ್ಟುಡಿಯೋಗಳಿಗೂ ಡಿಜಿಟಲ್ ಕ್ಯಾಮೆರಾ ಮತ್ತು ಗಣಕಯಂತ್ರ ತಲುಪಿದವು. ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ನಡೆಯುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು. ಆದರೆ ಉಪಕರಣ ಬದಲಾದರೂ ಕೂಡಿಕೆ ನಂಬುವಂತಿರಬೇಕಾದರೆ ಪಾಲಿಸಬೇಕಾದ ನಿಯಮಗಳು ಬದಲಾಗಿಲ್ಲ.

ಮೊದಲನೆಯದು ಬೆಳಕಿನ ದಿಕ್ಕು. ಸ್ಟುಡಿಯೋದಲ್ಲಿ ಮುಖ್ಯ ದೀಪವನ್ನು ಸಾಮಾನ್ಯವಾಗಿ ಮುಖಕ್ಕಿಂತ ಎತ್ತರದಲ್ಲಿ, ಸುಮಾರು ೪೫ ಡಿಗ್ರಿ ಓರೆಯಲ್ಲಿ ಇಡಲಾಗುತ್ತದೆ. ಮೂಗಿನ ನೆರಳು ಒಂದು ಕೆನ್ನೆಯ ಕಡೆಗೆ ಬೀಳುತ್ತದೆ. ಅದೇ ಮುಖವನ್ನು ನಡುಮಧ್ಯಾಹ್ನದ ಮಠದ ಅಂಗಳದಲ್ಲಿ ನಿಲ್ಲಿಸಿದರೆ, ಕಂಬಗಳ ನೆರಳು ಕಾಲಬುಡದಲ್ಲಿಯೂ ಮೂಗಿನ ನೆರಳು ಕೆನ್ನೆಯ ಮೇಲೂ ಇದ್ದು ಎರಡು ಸೂರ್ಯರಿದ್ದಂತಾಗುತ್ತದೆ. ಆದ್ದರಿಂದ ಹೊರಾಂಗಣದ ಚಿತ್ರವನ್ನು ಮೊದಲು ತೆಗೆದು, ಅದರ ನೆರಳನ್ನು ಅಭ್ಯಸಿಸಿ, ಅದಕ್ಕೆ ಹೊಂದುವಂತೆ ಸ್ಟುಡಿಯೋದ ದೀಪಗಳನ್ನು ಜೋಡಿಸುವುದು ಸರಿಯಾದ ಕ್ರಮ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಸ್ಟುಡಿಯೋದ ದೀಪಕ್ಕೆ ಸುಲಭವಾಗಿ ಹೊಂದುತ್ತದೆ.

ಎರಡನೆಯದು ದಿಗಂತದ ಎತ್ತರ. ಕ್ಯಾಮೆರಾ ಯಾವ ಎತ್ತರದಲ್ಲಿದೆಯೋ ಅದೇ ಎತ್ತರದಲ್ಲಿ ದಿಗಂತರೇಖೆ ಎಲ್ಲ ಆಕೃತಿಗಳನ್ನೂ ಹಾದುಹೋಗುತ್ತದೆ. ಸಮತಟ್ಟಾದ ನೆಲದಲ್ಲಿ ನಿಂತವನ ಕಣ್ಣಿನ ಮಟ್ಟದಿಂದ ತೆಗೆದ ಚಿತ್ರದಲ್ಲಿ, ಹತ್ತಿರ ನಿಂತವನಿರಲಿ ದೂರ ನಿಂತವನಿರಲಿ, ಅಷ್ಟೇ ಎತ್ತರದ ಎಲ್ಲರ ಕಣ್ಣುಗಳೂ ದಿಗಂತರೇಖೆಯ ಮೇಲೆಯೇ ಇರುತ್ತವೆ. ಉಣಕಲ್ ಕೆರೆಯ ಆಚೆ ದಂಡೆಯು ವರನ ಸೊಂಟದ ಮಟ್ಟದಲ್ಲಿಯೂ, ಸ್ಟುಡಿಯೋದಲ್ಲಿ ಅವನನ್ನು ಕಣ್ಣಿನ ಮಟ್ಟದಿಂದ ತೆಗೆದದ್ದೂ ಆಗಿದ್ದರೆ, ನೋಡುಗನಿಗೆ ಕಾರಣ ಹೊಳೆಯದಿದ್ದರೂ ವ್ಯಕ್ತಿಯು ದೈತ್ಯನಂತೆ ತೇಲುತ್ತಿರುವ ಅನುಭವವಾಗುತ್ತದೆ.

ಮೂರನೆಯದು ಅಂತರ. ಮುಖದ ಪ್ರಮಾಣಗಳನ್ನು ನಿರ್ಧರಿಸುವುದು ಮಸೂರಕ್ಕಿಂತ ಹೆಚ್ಚಾಗಿ ಕ್ಯಾಮೆರಾ ಮತ್ತು ಮುಖಗಳ ನಡುವಿನ ಅಂತರ. ತೀರ ಸಮೀಪದಿಂದ ತೆಗೆದ ಮುಖದಲ್ಲಿ ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿಯುತ್ತವೆ. ಎರಡು ಮೀಟರು ದೂರದಿಂದ ತೆಗೆದ ಮುಖ ಸಮಪ್ರಮಾಣವಾಗಿರುತ್ತದೆ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಅಳತೆ ಹೊಂದಿಸಿದರೂ ಮುಖಗಳು ಹೊಂದುವುದಿಲ್ಲ. ಇವುಗಳ ಜೊತೆಗೆ ಬಣ್ಣದ ಛಾಯೆಯೂ ಸೇರುತ್ತದೆ. ಸ್ಟುಡಿಯೋ ಫ್ಲಾಶ್ ಬೆಳಕು ಸುಮಾರು ೫೫೦೦ ಕೆಲ್ವಿನ್, ಹಳೆಯ ಟಂಗ್‌ಸ್ಟನ್ ದೀಪ ಸುಮಾರು ೩೨೦೦ ಕೆಲ್ವಿನ್. ಬಯಲಿನ ನೆರಳಿನಲ್ಲಿ ಬೆಳಕು ಇನ್ನೂ ನೀಲಿಯಾಗಿರುತ್ತದೆ. ಹಳೆಯ ಚಿತ್ರದ ಒರಟು ಕಣಗಳನ್ನು ಹೊಸ ಹಿನ್ನೆಲೆಗೂ ಅಷ್ಟಿಷ್ಟು ಸೇರಿಸದಿದ್ದರೆ ಮುಖ ಮಾಸಲಾಗಿಯೂ ಹಿನ್ನೆಲೆ ಹೊಳೆಯುವಂತೆಯೂ ಉಳಿಯುತ್ತವೆ. ಈ ಎಲ್ಲವೂ ಹೊಂದಿದ ಮೇಲೆ ಕೊನೆಗೆ ಉಳಿಯುವುದು ಪಾದದ ಅಡಿಯ ಸಣ್ಣ ಕಪ್ಪು ನೆರಳು. ಅದಿಲ್ಲದಿದ್ದರೆ ವ್ಯಕ್ತಿ ನೆಲದ ಮೇಲೆ ನಿಲ್ಲುವುದಿಲ್ಲ.

ಸಾಕ್ಷ್ಯದ ಪ್ರಶ್ನೆ

ಮೇಲಿನ ನಿಯಮಗಳು ಚಿತ್ರ ರಚಿಸುವವನಿಗೆ ಎಷ್ಟು ಉಪಯುಕ್ತವೋ ಚಿತ್ರ ಓದುವ ಸಂಶೋಧಕನಿಗೂ ಅಷ್ಟೇ ಉಪಯುಕ್ತ. ಎರಡು ಮುಖಗಳ ಮೇಲೆ ನೆರಳು ಬೇರೆ ಬೇರೆ ದಿಕ್ಕಿಗೆ ಬಿದ್ದಿದ್ದರೆ, ಅಂಗಿಯ ಗುಂಡಿಪಟ್ಟಿಯೋ ಸೆರಗೋ ಮೂಗುಬಟ್ಟೋ ಎಡಬಲ ತಿರುವುಮುರುವಾಗಿದ್ದರೆ, ಒಂದು ಮುಖ ಒರಟಾಗಿ ಇನ್ನೊಂದು ನಯವಾಗಿದ್ದರೆ, ಹೆಗಲುಗಳು ತಾಗುವಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬೀಳದಿದ್ದರೆ, ಅದು ಕೂಡಿಸಿದ ಚಿತ್ರವೆಂದು ಶಂಕಿಸಲು ಸಾಕಷ್ಟು ಆಧಾರವಿದೆ. ಹಾಗೆ ಗುರುತಿಸಿದ ಮೇಲೆ ಚಿತ್ರವನ್ನು ಸುಳ್ಳೆಂದು ತಳ್ಳಿಹಾಕುವುದಲ್ಲ, ಅದರ ಬಿಡಿಭಾಗಗಳನ್ನು ಬೇರೆ ಬೇರೆಯಾಗಿ ಪ್ರಶ್ನಿಸಬೇಕು. ಮುಖ ತೆಗೆದದ್ದು ಎಂದು, ಉಡುಗೆ ಯಾರದು, ಹಿನ್ನೆಲೆ ಎಲ್ಲಿಯದು, ಕೂಡಿಸಿದ್ದು ಯಾರ ಅಪೇಕ್ಷೆಯಿಂದ ಎಂಬ ನಾಲ್ಕು ಪ್ರಶ್ನೆಗಳಿಗೆ ನಾಲ್ಕು ಬೇರೆ ಕಾಲಗಳ ಉತ್ತರ ದೊರೆಯಬಹುದು.

ಕೂಡಿಕೆಯ ನೈತಿಕತೆಯನ್ನು ನಿರ್ಧರಿಸುವ ಅಳತೆಗೋಲು ಯಾವುದು ಎಂಬುದೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಜಾನ್ಸನ್ನನ ಸಂಪುಟಗಳಲ್ಲಿಯೂ ಜೋಡಿಪಟದಲ್ಲಿಯೂ ತಂತ್ರ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದರಲ್ಲಿ ಚಿತ್ರದಲ್ಲಿರುವವರಿಗೆ ತಮ್ಮ ಹಿಂದೆ ಏನನ್ನು ಇಡಲಾಗುವುದೆಂಬುದರ ಮೇಲೆ ಹಿಡಿತವಿರಲಿಲ್ಲ. ಪುಟ ತಿರುವುವ ದೂರದ ಓದುಗನು ಅದನ್ನು ಕಂಡದ್ದು ಕಂಡಂತೆ ತೆಗೆದ ಚಿತ್ರವೆಂದೇ ಭಾವಿಸುವ ಸಂಭವವಿತ್ತು. ಎರಡನೆಯದರಲ್ಲಿ ಚಿತ್ರವನ್ನು ಬಯಸಿದವರೇ ಅದರ ನೋಡುಗರು. ಕೂಡಿಕೆ ಅವರಿಗೆ ತಿಳಿದ ಸಂಗತಿ. ನೋಡುಗನಿಗೆ ತಿಳಿದಿರುವ ಕೂಡಿಕೆ ಭಾವಚಿತ್ರವಾಗುತ್ತದೆ, ತಿಳಿಯದಂತೆ ಮರೆಮಾಚಿದ ಕೂಡಿಕೆ ಸುಳ್ಳುಸಾಕ್ಷಿಯಾಗುತ್ತದೆ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ೨೦೦೦ದಿಂದ ೨೦೦೪ರವರೆಗೆ ರೂಪಿಸಿದ ದಕ್ಷಿಣ ಭಾರತದ ಸ್ತ್ರೀಯರನ್ನು ಕುರಿತ ಚಿತ್ರಮಾಲಿಕೆಯು, ಜನಾಂಗಚಿತ್ರಣದ ಇಂತಹ ಮಾದರಿಗಳನ್ನು ತಾವೇ ವೇಷ ತೊಟ್ಟು ಮರುಸೃಷ್ಟಿಸುವ ಮೂಲಕ ಆ ಮರೆಮಾಚಿಕೆಯನ್ನೇ ಪ್ರಶ್ನಿಸಿತು.

ಕಲಾವಿದ ವಿವಾನ್ ಸುಂದರಂ (೧೯೪೩–೨೦೨೩) ೨೦೦೧–೨೦೦೨ರಲ್ಲಿ ರಚಿಸಿದ ಚಿತ್ರಮಾಲಿಕೆಯನ್ನೂ ಇಲ್ಲಿ ನೆನೆಯಬೇಕು. ತನ್ನ ತಾಯಿಯ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್ ತೆಗೆದ ಕುಟುಂಬದ ಹಳೆಯ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಕೂಡಿಸಿ, ೧೯೪೧ರಲ್ಲಿ ತೀರಿಕೊಂಡ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಮತ್ತು ಆಕೆಯ ಮನೆಯವರನ್ನು ಬೇರೆ ಬೇರೆ ವಯಸ್ಸುಗಳಲ್ಲಿ ಒಂದೇ ಚೌಕಟ್ಟಿನೊಳಗೆ ಎದುರುಬದುರಾಗಿಸಿದರು. ತನ್ನ ಚಿಕ್ಕಮ್ಮನೋ ದೊಡ್ಡಮ್ಮನೋ ತೀರಿಕೊಂಡ ಮೇಲೆ ಹುಟ್ಟಿದವನು ಆಕೆಯನ್ನು ಕುಟುಂಬದ ನಡುವೆ ಮರಳಿ ಕೂರಿಸುವ ಬಯಕೆಗೂ, ಹಳೇ ಹುಬ್ಬಳ್ಳಿಯ ಓಣಿಯ ಮನೆಯೊಂದರಲ್ಲಿ ಅವ್ವ ಅಪ್ಪನ ಜೋಡಿಪಟ ಮಾಡಿಸಿ ತೂಗುಹಾಕುವ ಬಯಕೆಗೂ ಮೂಲದಲ್ಲಿ ಭೇದವಿಲ್ಲ. ಒಂದು ಕಲಾಶಾಲೆಯಲ್ಲಿ ಚರ್ಚೆಯಾಗುತ್ತದೆ, ಇನ್ನೊಂದು ಚರ್ಚೆಗೆ ಬಾರದೆ ಉಳಿದಿದೆ ಎಂಬುದಷ್ಟೇ ವ್ಯತ್ಯಾಸ.

ಸಮಾರೋಪ

ಸಂಯೋಜಿತ ಭಾವಚಿತ್ರಗಳಿಗೆ ಒದಗಿರುವ ಅಪಾಯ ಕೂಡಿಕೆಯಿಂದ ಬಂದುದಲ್ಲ, ಕೂಡಿಕೆಯ ನಂತರ ಬಿಡಿಭಾಗಗಳು ಕಳೆದುಹೋಗುವುದರಿಂದ ಬಂದುದು. ಹೊಸ ಪಟ ಗೋಡೆಗೇರಿದ ಮೇಲೆ ಹಳೆಯ ಚಿಕ್ಕ ಫೋಟೊಗೆ ಬೆಲೆಯಿಲ್ಲವೆಂದು ಮನೆಯವರು ಭಾವಿಸುತ್ತಾರೆ. ಸ್ಟುಡಿಯೋ ಮುಚ್ಚಿದಾಗ ನೆಗೆಟಿವ್‌ಗಳ ಡಬ್ಬಿಗಳು ಗುಜರಿ ಸೇರುತ್ತವೆ. ಗಣಕಯಂತ್ರದ ಕಡತಗಳು ಯಂತ್ರ ಕೆಟ್ಟೊಡನೆ ಅಳಿಯುತ್ತವೆ. ಕೂಡಿಕೆಯ ಕಥೆ ತಿಳಿದ ತಲೆಮಾರು ಮರೆಯಾದ ಬಳಿಕ, ಎಂದೂ ನಡೆಯದ ಭೇಟಿಯೊಂದರ ಏಕೈಕ ಸಾಕ್ಷಿಯಾಗಿ ಆ ಪಟ ಉಳಿಯುತ್ತದೆ. ಮನೆಮಂದಿಗೆ ಸತ್ಯವಾಗಿದ್ದ ಚಿತ್ರ ಮೊಮ್ಮಕ್ಕಳ ಕಾಲಕ್ಕೆ ತಪ್ಪು ದಾಖಲೆಯಾಗುತ್ತದೆ. ಮುಖವನ್ನು ತಾನೇ ಕಲ್ಪಿಸಿ ಚಿತ್ರ ರಚಿಸುವ ಯಂತ್ರಗಳು ಬಂದಿರುವ ಕಾಲದಲ್ಲಿ ಈ ಅಪಾಯ ಇನ್ನಷ್ಟು ಹೆಚ್ಚಿದೆ. ಜೋಡಿಪಟದಲ್ಲಿ ಕನಿಷ್ಠಪಕ್ಷ ಪ್ರತಿಯೊಂದು ಮುಖವೂ ಒಮ್ಮೆ ಬೆಳಕಿನ ಎದುರು ಇದ್ದ ಮುಖವಾಗಿರುತ್ತಿತ್ತು.

ಇದಕ್ಕೆ ಪರಿಹಾರ ಕಷ್ಟಸಾಧ್ಯವೇನಲ್ಲ. ಮೂಲಚಿತ್ರಗಳನ್ನು ಕೂಡಿಸಿದ ಪಟದೊಡನೆಯೇ ಒಂದು ಲಕೋಟೆಯಲ್ಲಿ ಕಾಪಾಡಬೇಕು. ಮೂಲಚಿತ್ರದ ಹಿಂಬದಿಯಲ್ಲಿರುವ ಸ್ಟುಡಿಯೋದ ಮುದ್ರೆ ಮತ್ತು ಕೈಬರಹವನ್ನೂ ನಕಲು ತೆಗೆದಿಡಬೇಕು. ಪಟದ ಹಿಂದೆ ಯಾವ ಭಾಗ ಎಲ್ಲಿಂದ ಬಂದಿದೆ, ಯಾವ ವರ್ಷ ಕೂಡಿಸಲಾಯಿತು, ಕುಂಚದಿಂದ ಸೇರಿಸಿದ್ದೇನು ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದಿಡಬೇಕು. ಮಠಗಳು, ಗ್ರಂಥಾಲಯಗಳು, ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಗಳು ಇಂತಹ ಪಟಗಳನ್ನು ಸ್ವೀಕರಿಸುವಾಗ ಇದೇ ವಿವರಗಳನ್ನು ಕೇಳಿ ದಾಖಲಿಸಬೇಕು. ಹಳೆಯ ಸ್ಟುಡಿಯೋಗಳಲ್ಲಿ ಟಚಿಂಗ್ ಮತ್ತು ಕೂಡಿಕೆಯ ಕೆಲಸ ಮಾಡಿದ ಹಿರಿಯರ ಅನುಭವಗಳನ್ನು ಅವರ ಬಾಯಿಂದಲೇ ಸಂಗ್ರಹಿಸುವುದು ತುರ್ತಾಗಿ ಆಗಬೇಕಾದ ಕಾರ್ಯ. ಆಗ ಗೋಡೆಯ ಮೇಲಿನ ಜೋಡಿಪಟವು ಒಂದು ಕುಟುಂಬದ ಪ್ರೀತಿಯ ವಸ್ತುವಾಗಿ ಉಳಿಯುವುದರ ಜೊತೆಗೆ, ಈ ನಾಡಿನ ಜನ ತಮ್ಮವರನ್ನು ಹೇಗೆ ಕಾಣಬಯಸಿದರು ಎಂಬುದರ ವಿಶ್ವಾಸಾರ್ಹ ದಾಖಲೆಯೂ ಆಗುತ್ತದೆ.